ಬದಲಾಯಿಸದ ಸ್ಪ್ರಿಂಗುಗಳು

ಶುಕ್ರವಾರ, ಮಾರ್ಚ್ ೧೨

ಇವಳೇ,

ಬೇರೆ ಹೇಗೆ ಶುರು ಮಾಡಬೇಕೋ ತೋಚಲಿಲ್ಲ. ಮನೆಯಲ್ಲಿ ಕರೆಯುತ್ತಿದ್ದ ಹಾಗೇ ಕರೆದೆ. ಬೇಸರವಾದರೆ ಆ ಒಂದು ಪದ ಬಿಟ್ಟು ಮುಂದೆ ಓದು.

ಪುಟ್ಟಿಯ ಕೈಲಿ ಕಳಿಸಿದ ಚೀಟಿ ತಲುಪಿತು. ನೀನೂ ಮಗಳೂ ಮನೆ ಬಿಟ್ಟು ಹೋಗಿ ನಾಲ್ಕು ವರ್ಷವಾದ ಮೇಲೆ ನಿನ್ನ ಅಕ್ಷರ ನೋಡಿದೆ. ‘ಕಾರಿನ ಕ್ಯಾಮ್‌ಶಾಫ್ಟ್ ಸವೆದಿದೆ, ಹೇಗೂ ಎಂಜಿನ್ ಬಿಚ್ಚುತ್ತಾರೆ, ಸ್ವಲ್ಪ ಚುರುಕಾದದ್ದನ್ನೇ ಹಾಕಿಸೋಣ ಅಂತಿದ್ದೀನಿ, ಯಾವುದು ಒಳ್ಳೆಯದು, ವಾಲ್ವ್ ಸ್ಪ್ರಿಂಗ್ ಯಾವುದು’ ಎಂದು ಕೇಳಿದ್ದೀಯ. ‘ಈ ಕೆಲಸದಲ್ಲಿ ನಿಮ್ಮನ್ನು ಬಿಟ್ಟರೆ ನನಗೆ ಇನ್ನೊಬ್ಬರ ಮೇಲೆ ನಂಬಿಕೆ ಇಲ್ಲ’ ಎಂಬ ಕೊನೆಯ ಸಾಲು ಓದಿ, ಚೀಟಿಯನ್ನು ವರ್ಕ್‌ಶಾಪಿನ ಬೆಂಚಿನ ಮೇಲೆ ಮಗುಚಿಟ್ಟೆ.

ಮೊದಲು ಕೇಳಿದ್ದಕ್ಕೆ ಉತ್ತರ. ಪುಟ್ಟಿಯನ್ನು ಶಾಲೆಗೆ ಬಿಟ್ಟು, ಏಳು ಸಿಗ್ನಲ್ ದಾಟಿ ನೀನು ಲ್ಯಾಬಿಗೆ ಹೋಗುವ ಕಾರು ಅದು. ರೇಸಿನ ಕ್ಯಾಮ್ ಬೇಡ. ಅದು ಎಂಜಿನ್ ಉಸಿರಾಡುವ ವಾಲ್ವನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಜೋರಾಗಿ ಓಡಿಸುವಾಗ ಚೆಂದ, ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ಕೆಮ್ಮುತ್ತದೆ, ಬ್ರೇಕ್ ಪೆಡಲೂ ಗಡುಸಾಗಬಹುದು. ಕಂಪನಿಯದಕ್ಕಿಂತ ಒಂದೇ ಒಂದು ಮೆಟ್ಟಿಲು ಮೇಲಿನದು ಸಾಕು. ಸ್ಪ್ರಿಂಗುಗಳನ್ನು ಆ ಕ್ಯಾಮ್ ಮಾಡಿದವರು ಹೇಳಿದ್ದನ್ನೇ ಹಾಕಿಸು. ಮೆತ್ತಗಾದರೆ ವಾಲ್ವ್ ಸಮಯಕ್ಕೆ ಮುಚ್ಚುವುದಿಲ್ಲ, ತೀರಾ ಗಟ್ಟಿಯಾದರೆ ಕ್ಯಾಮನ್ನೇ ಸವೆಸುತ್ತದೆ. ವಾಲ್ವ್ ಪೂರ್ತಿ ತೆರೆದಾಗ ಸ್ಪ್ರಿಂಗಿನ ಸುತ್ತುಗಳ ನಡುವೆ ಸಂದು ಉಳಿಯುತ್ತದೆಯೇ ಎಂದು ನಿನ್ನೆದುರಿಗೇ ಅಳೆಯಲು ಹೇಳು. ಹಳೆಯವೇ ನಡೆಯುತ್ತವೆ ಎಂದು ಯಾರು ಹೇಳಿದರೂ ಕೇಳಬೇಡ.

ಇಷ್ಟು ಬರೆದು ನಿಲ್ಲಿಸಬಹುದಿತ್ತು. ಎರಡು ಸಲ ನಿಲ್ಲಿಸಿಯೂ ನೋಡಿದೆ.

ಒಂಬತ್ತು ವರ್ಷದ ಹಿಂದೆ, ಕ್ಲಬ್ಬಿನ ಬೆಟ್ಟದ ರೇಸಿಗೆ ನಿನಗಾಗಿ ವರ್ಕ್‌ಶಾಪಿನ ಕಾರು ಸಿದ್ಧ ಮಾಡಿದೆನಲ್ಲ, ಅದಕ್ಕೆ ಹೊಸ ಕ್ಯಾಮ್ ಹಾಕಿದ್ದೆ. ಹೊಸ ಸ್ಪ್ರಿಂಗುಗಳು ಬಂದಿರಲಿಲ್ಲ. ಹಿಂದಿನ ದಿನ ನೀನು ಬಾಗಿಲಲ್ಲಿ ನಿಂತು, ‘ಸ್ಪ್ರಿಂಗ್ ಬದಲಾಯಿಸಿದ್ರಾ?’ ಎಂದು ಕೇಳಿದೆ. ‘ಎಲ್ಲಾ ಆಯ್ತು, ನೀನು ತಲೆ ಕೆಡಿಸ್ಕೋಬೇಡ’ ಅಂದೆ. ಆಗಿರಲಿಲ್ಲ. ಒಂದು ದಿನಕ್ಕೆ ಹಳೆಯವೇ ತಡೆದಾವು ಅಂದುಕೊಂಡೆ. ಸಂದು ಕೂಡ ಅಳೆಯಲಿಲ್ಲ. ಎಲ್ಲರೂ ನನ್ನನ್ನು ಕೈಗುಣದವನು ಅನ್ನುತ್ತಿದ್ದ ಕಾಲ ಅದು. ರೇಸ್ ಬಿಡೋಣ ಅನ್ನಲು ನಾಲಿಗೆ ಹೊರಳಲಿಲ್ಲ.

ಮೂರನೇ ತಿರುವಿನಲ್ಲಿ ಸ್ಪ್ರಿಂಗ್ ಮುರಿಯಿತು. ವಾಲ್ವ್ ಒಳಗೆ ಬಿತ್ತು, ಎಂಜಿನ್ ಬಿಗಿದುಕೊಂಡಿತು, ಕಾರು ತಡೆಗೋಡೆಗೆ ಉಜ್ಜಿ ನಿಂತಿತು. ಕೆಳಗೆ ನಿಂತಿದ್ದ ನನಗೆ ಆ ಸದ್ದಿನಲ್ಲೇ ಗೊತ್ತಾಯಿತು. ಏನಾಯ್ತು ಎಂದು ಎಲ್ಲರೂ ಸುತ್ತುವರಿದಾಗ ನಾನು, ‘ಗೇರ್ ತಪ್ಪಿ ಹಾಕಿದ್ಲು. ನಾಲ್ಕರ ಬದಲು ಎರಡು, ಎಂಜಿನ್ ಮಿತಿ ಮೀರಿ ತಿರುಗಿ ಕೆಟ್ಟಿತು’ ಅಂದುಬಿಟ್ಟೆ. ನೀನಿನ್ನೂ ಕಾರಿನಿಂದ ಇಳಿದಿರಲಿಲ್ಲ.

ಮನೆಗೆ ಬಂದು ನೀನು ಮಂಚದ ತುದಿಯಲ್ಲಿ ಕೂತು ಗಾಳಿಯಲ್ಲೇ ಗೇರ್ ಹಾಕಿ ನೋಡುತ್ತಿದ್ದೆ. ಮೂರು, ನಾಲ್ಕು. ಮೂರು, ನಾಲ್ಕು. ‘ನಿಜವಾಗ್ಲೂ ತಪ್ಪಿ ಹಾಕಿದ್ನಾ?’ ಎಂದು ಕೇಳಿದೆ. ‘ಹೋಗ್ಲಿ ಬಿಡು, ಎಲ್ಲರಿಗೂ ಆಗುತ್ತೆ’ ಅಂದೆ. ನನ್ನ ತಪ್ಪಿಗೆ ನಿನ್ನನ್ನು ಕ್ಷಮಿಸಿದೆ.

ಆಮೇಲೆ ನಿನ್ನ ಮುಖ ನೋಡಲಾಗದೆ, ಮಾತು ಮಾತಿಗೂ ಸಿಡುಕಿದೆ. ‘ಈ ಮನೇಲಿ ಏನು ಮಾಡಿದ್ರೂ ನನ್ನದೇ ತಪ್ಪು ಅನ್ನಿಸುತ್ತೆ’ ಎಂದು ಹೇಳಿ ನೀನು ಹೊರಟಾಗಲೂ ಬಾಯಿ ಬಿಡಲಿಲ್ಲ.

ಮೊನ್ನೆ ಚೀಟಿ ಕೊಟ್ಟು ಪುಟ್ಟಿ ನಗುತ್ತಾ ಹೇಳಿದಳು: ‘ಅಮ್ಮ ಪ್ರತಿ ಸಲ ಬಗ್ಗಿ ನೋಡಿ ಗೇರ್ ಹಾಕ್ತಾಳೆ ಅಪ್ಪಾ, ಹೊಸದಾಗಿ ಕಲಿಯೋರ ಥರ.’ ನನಗೆ ನಗು ಬರಲಿಲ್ಲ.

ನೀನು ಗೇರ್ ತಪ್ಪಿಸಿರಲಿಲ್ಲ. ನಾಲ್ಕಕ್ಕೇ ಹಾಕಿದ್ದೆ, ಸರಿಯಾಗಿಯೇ ಹಾಕಿದ್ದೆ. ವಾಪಸ್ ಬಾ ಎನ್ನಲು ನನಗೆ ಮುಖವಿಲ್ಲ. ಆದರೆ ಇನ್ನು ಕೆಳಗೆ ನೋಡಬೇಡ, ರಸ್ತೆ ನೋಡಿ ಓಡಿಸು.

ಇಂತಿ,
ಪುಟ್ಟಿಯ ಅಪ್ಪ

ತಾ.ಕ.: ಶನಿವಾರ ಸಂಜೆ. ಲಕೋಟೆ ಅಂಟಿಸುವ ಮೊದಲು ಕ್ಲಬ್ಬಿಗೆ ಹೋಗಿ, ಅಂದು ಅಲ್ಲಿದ್ದವರಲ್ಲಿ ಸಿಕ್ಕ ಐದು ಜನರ ಮುಂದೆ ಇದಿಷ್ಟನ್ನೂ ಹೇಳಿದೆ. ಸೆಕ್ರೆಟರಿ ಎದ್ದು ಹೋಗಿ, ಹಳೆಯ ಫೈಲಿನಿಂದ ಒಂದು ಕಾಗದ ತಂದು ನನ್ನ ಮುಂದಿಟ್ಟರು. ಆಗ ಎಂಜಿನ್ ಬಿಚ್ಚಿಸಿ ವಿಚಾರಣೆ ಮಾಡಬೇಕೆಂದು ಅವರು ಹೊರಟಿದ್ದರಂತೆ, ಅದನ್ನು ತಡೆಯಲು ನೀನು ಬರೆದುಕೊಟ್ಟ ಕಾಗದವಂತೆ. ನನಗದು ತಿಳಿದೇ ಇರಲಿಲ್ಲ. ‘ತಪ್ಪು ಪೂರ್ತಿ ನನ್ನದು. ದಯವಿಟ್ಟು ನನ್ನ ಯಜಮಾನರ ಕೆಲಸವನ್ನು ಅನುಮಾನಿಸಬೇಡಿ. ಇನ್ನು ನಾನು ರೇಸಿಗೆ ಇಳಿಯುವುದಿಲ್ಲ.’ ಕೆಳಗೆ ನಿನ್ನ ಸಹಿ. ಕೇಳಿ ಇಸಕೊಂಡು ಇದರ ಜೊತೆಗಿಟ್ಟಿದ್ದೇನೆ. ನೀನೇ ನಿನ್ನ ಕೈಯಾರೆ ಹರಿದುಹಾಕು.