ಏಳನೇ ನಂಬರ್ ಬಸ್ಸಿನ ಕೀಲಿ

ಮಂಗಳವಾರ, ಹದಿನಾಲ್ಕು.

ಒಪ್ಪಿಗೆಯಿಲ್ಲ ಎನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕೆಂದು ಡಿಪೋದ ಮೆಕ್ಯಾನಿಕ್‌ಗಳಾದ ನಮಗೆಲ್ಲ ಒಂದು ಹಾಳೆ ಹಂಚಿದ್ದಾರೆ. ಹನ್ನೆರಡು ವಾಕ್ಯ, ಎಲ್ಲವೂ ಒಪ್ಪಿಗೆಯಿಂದಲೇ ಶುರು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡಬೇಕಂತೆ!

ಏಳನೇ ನಂಬರ್ ಬಸ್ಸಿನ ಬ್ರೇಕ್ ಪೂರ್ತಿ ಸವೆದಿದೆ ಎಂದು ಇವತ್ತು ಮ್ಯಾನೇಜರ್‌ಗೆ ತೋರಿಸಿದೆ.

"ಇನ್ನೊಂದು ವಾರ ಓಡುತ್ತೆ ಬಿಡಮ್ಮ," ಅಂದರು.

ಹಾಳೆಯಲ್ಲಿದ್ದ ಹಾಗೆಯೇ ಹೇಳಿದೆ: "ಯೂ ಆರ್ ರೈಟ್ ಸರ್, ಬಟ್..."

"ರೈಟ್ ಅಂದ್ಯಲ್ಲ, ಮುಗೀತು. ಬೆಳಿಗ್ಗೆ ಹೊರಡ್ಲಿ," ಎಂದು ನಡೆದೇಬಿಟ್ಟರು. ಉಳಿದ ಅರ್ಧ ವಾಕ್ಯ ಅವರು ಕೇಳಲೇ ಇಲ್ಲ. ನನಗೆ ನನ್ನ ಮೇಲೇ ಸಿಟ್ಟು. ಆ ಬಸ್ಸಿನಲ್ಲಿ ಅರ್ಧಕ್ಕರ್ಧ ಶಾಲೆಯ ಮಕ್ಕಳು.

ಕೀಲಿ ಈಗ ನನ್ನ ದಿಂಬಿನ ಕೆಳಗಿದೆ. ಬೆಳಿಗ್ಗೆ ಕೇಳಲಿ, ಕೊಡಲ್ಲ ಎನ್ನುತ್ತೇನೆ. ಬೇಕಿದ್ದರೆ ಅದನ್ನೇ ಹದಿಮೂರನೇ ವಾಕ್ಯವಾಗಿ ಸೇರಿಸಿಕೊಳ್ಳಲಿ.