ಅಂಚಿನ ಫೋಮ್

ಲಿವೋನಿಯಾ
ಸೆಪ್ಟೆಂಬರ್ ೨೦೦೯

ಯಾಸೀನ್,

ಇದನ್ನು ನಿನಗೆ ಕಳಿಸುವುದಿಲ್ಲ. ಆದರೂ ಒಂದು ವರದಿ ಒಪ್ಪಿಸಬೇಕಿದೆ.

ಮನೆಯ ಹಿಂದೆ ಕಟ್ಟಿಸುತ್ತಿರುವ ಹೊಸ ಕೋಣೆಯ ನೆಲಕ್ಕೆ ಇವತ್ತು ಬೆಳಿಗ್ಗೆ ಕಾಂಕ್ರೀಟ್ ಹಾಕಿದರು. ಜಲ್ಲಿಯ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಚಳಿ ತಡೆಯಲು ಎರಡಿಂಚಿನ ಫೋಮ್ ಹಲಗೆಗಳನ್ನು ಹಾಸಿದ್ದರು. ಗೋಡೆಯಂಚಿಗೆ ಮಾತ್ರ ಏನೂ ಇಟ್ಟಿರಲಿಲ್ಲ. ಹೋದ ವರ್ಷ ಇದೇ ಜಾಗದಲ್ಲಿ, ಹುಲ್ಲಿನ ಮೇಲೆ ನಿಂತು ನೀನು ಹೇಳಿದ್ದು ನೆನಪಾಯಿತು: "ಮನಿಯೊಳಗ ಬರಿಗಾಲಿಲೆ ಅಡ್ಡಾಡೋ ಮಂದಿ ನಾವು. ಅಂಚಿಗೂ ಫೋಮ್ ಇಡಸಪಾ, ಇಲ್ಲಾಂದ್ರ ಥಂಡಿ ಬಾಜೂದಿಂದ ಒಳಗ ಬರ್ತದ." ಕಾಂಕ್ರೀಟ್ ಲಾರಿಯನ್ನು ಕಾಯಿಸಿ ಸುತ್ತಲೂ ಫೋಮ್ ಇಡಿಸಿದೆ. ಕಂಟ್ರಾಕ್ಟರ್ ಗೊಣಗಿದ, ಆಮೇಲೆ ನಾನು ಹೇಳಿದ್ದೇ ಸರಿ ಎಂದು ಒಪ್ಪಿದ.

ಇನ್ನೊಂದು ವಿಷಯ ನಿನಗೆ ಗೊತ್ತಿಲ್ಲ. ಜನವರಿಯಲ್ಲಿ ನಮ್ಮ ಆಫೀಸಿನ ಮ್ಯಾನೇಜರ್, ಕೆಲಸದಿಂದ ತೆಗೆಯುವವರ ಪಟ್ಟಿಯನ್ನು ನನ್ನ ಮುಂದಿಟ್ಟು, ಇದರಲ್ಲಿ ಯಾರನ್ನಾದರೂ ಉಳಿಸಿಕೊಳ್ಳಲೇಬೇಕೇ ಎಂದು ಕೇಳಿದ್ದರು. ನಿನ್ನ ಹೆಸರು ನಾಲ್ಕನೆಯದು. ನಾನು ಲೋಟ ಎತ್ತಿ ನೀರು ಕುಡಿದೆ, ಪಟ್ಟಿಯನ್ನು ಹಾಗೇ ಹಿಂದಕ್ಕೆ ಕೊಟ್ಟೆ. ಮರುತಿಂಗಳು ನೀನೂ ದಿಲ್‌ಶಾದ್‌ಳೂ ಇಲ್ಲಿಯ ಮನೆ ಖಾಲಿ ಮಾಡಿ ಗುಲಬರ್ಗಾಕ್ಕೆ ಹೊರಟಾಗ ಏರ್‌ಪೋರ್ಟಿಗೆ ಬಿಟ್ಟು ಬಂದವನೂ ನಾನೇ. ಬೀಳ್ಕೊಡುವಾಗ ನೀನು ಎರಡು ಸಲ ಥ್ಯಾಂಕ್ಸ್ ಹೇಳಿದೆ.

ಸಂಜೆ ಪದ್ಮ ಆಫೀಸಿನಿಂದ ಬಂದವಳೇ ಹೊಸ ನೆಲ ನೋಡಲು ಹೋದಳು. ಅಂಚಿನ ಸುತ್ತ ಇಣುಕುತ್ತಿದ್ದ ಫೋಮ್ ಪಟ್ಟಿಯ ಮೇಲೆ ಬೆರಳಾಡಿಸಿದಳು.

"ಒಳ್ಳೆ ಐಡಿಯಾ ರೀ ಇದು. ಯಾರು ಹೇಳಿದ್ರು ನಿಮ್ಗೆ?"

"ಎಲ್ಲೋ ಓದಿದ್ದೆ," ಎಂದೆ.

ತಿರುಮಲೇಶ