ಮೂಗಿಗೆ ಕಟ್ಟಿದ ಬಟ್ಟೆ

ಶಿಡ್ಲಘಟ್ಟ
23-2-2025, ಭಾನುವಾರ

ನಮ್ಮ ಪುಟ್ಟಮ್ಮ ಹರಿಣಿಗೆ ಅಪ್ಪನ ಆಶೀರ್ವಾದ.

ಕೆಮ್ಮು ಹೇಗಿದೆಯಮ್ಮ? ಗೌರಿಬಿದನೂರಿನ ಗಾಳಿ ಒಗ್ಗಿತೆ? ನಿನ್ನ ಸೋದರತ್ತೆ ಕೊಡುವ ಕಷಾಯವನ್ನು ಹಿತ್ತಲಿಗೆ ಚೆಲ್ಲಬೇಡ, ಡಾಕ್ಟರ ಮಾತ್ರೆಯನ್ನೂ ಬಿಡಬೇಡ. ಫೋನಿನಲ್ಲಿ ನಾಲ್ಕು ಮಾತಾಡಿದರೆ ನಿನಗೆ ಉಸಿರು ಕಟ್ಟುತ್ತದೆ, ಅದನ್ನು ಕೇಳುವ ಶಕ್ತಿ ನನಗಿಲ್ಲ. ಅದಕ್ಕೇ ಈ ಕಾಗದ. ನಿಮ್ಮಮ್ಮ ದಿನಕ್ಕೆ ಹತ್ತು ಸಲ ನಿನ್ನ ಮಂಚ ಒರೆಸುತ್ತಾಳೆ, ಧೂಳಿಲ್ಲದಿದ್ದರೂ.

ನೀನು ಏಳನೇ ಕ್ಲಾಸಿನಲ್ಲಿದ್ದಾಗ ನಿಮ್ಮ ಸ್ಕೂಲಿನ ಗೋಡೆಗೆ ನಾನು ವಿಜ್ಞಾನಿಯ ಚಿತ್ರ ಬರೆದದ್ದು ನೆನಪಿದೆಯಲ್ಲ? ಬಿಳಿ ಕೋಟು, ನೆಟ್ಟಗೆ ನಿಂತ ನಿಲುವು, ಕೈಯಲ್ಲಿ ನೀಲಿ ನೀರಿನ ಗಾಜಿನ ಸೀಸೆ, ಅದರಿಂದ ಹೊಗೆ, ಮುಖದ ತುಂಬ ಬೆಳಕು. ಆಗ ನಾನು ಒಬ್ಬ ವಿಜ್ಞಾನಿಯನ್ನೂ ಕಂಡವನಲ್ಲ. ಕ್ಯಾಲೆಂಡರಿನ ದೇವರಿಗೆ ಕೋಟು ತೊಡಿಸಿದ್ದೆ, ಅಷ್ಟೆ. ನೀನು ಸೊಂಟಕ್ಕೆ ಕೈಯಿಟ್ಟು ನೋಡಿ, "ಅಪ್ಪ, ನಾನೂ ಹಿಂಗೇ ಆಗ್ತೀನಿ" ಅಂದೆ. ಆದೆ. ರೇಷ್ಮೆ ಮೊಟ್ಟೆ ಕೇಂದ್ರದಲ್ಲಿ ದಿನಕ್ಕೆ ಮೊಟ್ಟೆಯಿಟ್ಟ ನೂರಾರು ಚಿಟ್ಟೆ ಅರೆದು, ಮೊಟ್ಟೆಗೂ ದಾಟುವ ರೋಗವನ್ನು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಹುಡುಕಿದೆ. ಆರು ವರ್ಷ ಆ ರೆಕ್ಕೆಗಳ ಪುಡಿ ಉಸಿರಾಡಿದೆ. ಮೂಗಿಗೆ ಬಟ್ಟೆ ಕಟ್ಟಿಕೋ ಅಂತ ನಾನಂದರೆ, "ನೀನು ಬರ್ದಿದ್ದ ವಿಜ್ಞಾನಿ ಕಟ್ಕೊಂಡಿದ್ನಾ?" ಅಂತ ನಕ್ಕೆ. ಬುದ್ಧಿಯಿಲ್ಲದ ನಾನೂ ನಕ್ಕೆ. ಮುಖ ಕಾಣಬೇಕು ಅನ್ನುವುದು ನಮ್ಮ ಪೇಂಟರುಗಳ ಮೊದಲ ಪಾಠ. ಆ ಚಿತ್ರಕ್ಕೆ ಒಂದು ಬಟ್ಟೆ ಬರೆದಿದ್ದರೆ ಇವತ್ತು ನೀನು ಮನೆಯಲ್ಲಿರುತ್ತಿದ್ದೆಯೋ ಏನೋ.

ಈಗ ವಿಜ್ಞಾನ ದಿನಕ್ಕೆ ಅದೇ ಗೋಡೆಗೆ ಹೊಸ ಚಿತ್ರ ಬೇಕೆಂದು ಹೆಡ್ಮಾಸ್ಟರ್ ಚೆನ್ನರಾಯಪ್ಪ ಕರೆಸಿದರು. ಈ ಸಲ ನಿನ್ನನ್ನೇ ಬರೆದೆ. ಬೆನ್ನು ಬಾಗಿಸಿ ಕೂತ ನೀನು, ಒಂದು ಕಣ್ಣು ಸೂಕ್ಷ್ಮದರ್ಶಕದಲ್ಲಿ, ಪಕ್ಕದಲ್ಲಿ ಚಿಟ್ಟೆ ಅರೆಯುವ ಪುಟ್ಟ ಕಲ್ಬತ್ತು, ಮೂಗಿಗೆ ಬಿಗಿಯಾಗಿ ಬಟ್ಟೆ. ಹೊಗೆಯಿಲ್ಲ, ಬೆಳಕಿಲ್ಲ. ಮೂವತ್ತು ವರ್ಷದಲ್ಲಿ ನಾನು ಸುಳ್ಳಿಲ್ಲದೆ ಬರೆದ ಚಿತ್ರ ಅದೊಂದೇ. ಅವರು ನೋಡಿ, "ಇದೇನಪ್ಪ ಕೋನಪ್ಪ, ಈಯಮ್ಮ ಅಕ್ಕಿ ಆರಿಸೋ ಹಂಗಿದೆ? ವಿಜ್ಞಾನಿ ಅಂದ್ರೆ ಮಕ್ಳಿಗೆ ಆಸೆ ಹುಟ್ಬೇಕು. ಆ ಬಟ್ಟೆ ತೆಗ್ದು ನಗೋ ಹಂಗೆ ಬರಿ" ಅಂದರು. ಮೈಯೆಲ್ಲ ಉರಿದುಹೋಯಿತು. ಬಟ್ಟೆ ತೆಗೆಯುವುದಿಲ್ಲ, ಬೇಕಾದರೆ ಗೋಡೆಗೆ ಸುಣ್ಣ ಹೊಡೆಸಿಕೊಳ್ಳಿ ಎಂದು ಹೇಳಿ ಬಂದೆ.

ಅತ್ತೆಯನ್ನು ಕೇಳಿದೆನೆಂದು ಹೇಳು. ಬೇಗ ಗುಣವಾಗಿ ಮನೆಗೆ ಬಾ ತಾಯಿ. ಆ ಚಿಟ್ಟೆಗಳ ಹತ್ತಿರ ಮಾತ್ರ ಇನ್ನು ಹೋಗಬೇಡ.

ಇಂತಿ ನಿನ್ನ ಅಪ್ಪ,
ಕೋನಪ್ಪ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ನಾನು ಹಾಗೆ ಹೇಳಿ ಬರಲಿಲ್ಲಮ್ಮ. ಬೇರೆ ಪೇಂಟರನ್ನು ಕರೆಸುತ್ತೇನೆ ಅಂದರು ಹೆಡ್ಮಾಸ್ಟರ್. ನಿನ್ನ ಮುಖದ ಮೇಲೆ ಇನ್ನೊಬ್ಬ ಬಣ್ಣ ಬಳಿಯುವುದು ಬೇಡವೆಂದು ನಾನೇ ಬಟ್ಟೆ ಅಳಿಸಿದೆ, ಬೆನ್ನು ನೆಟ್ಟಗೆ ಮಾಡಿದೆ, ನಗು ಬರೆದೆ. ಸೀಸೆ, ಹೊಗೆ ಎಲ್ಲ ಬರೆದೆ. ನಿನ್ನೆ ಕುಂಚ ತೊಳೆಯುತ್ತಿದ್ದಾಗ ಏಳನೇ ಕ್ಲಾಸಿನ ಒಬ್ಬ ಹುಡುಗಿ ಬಂದು, ಸೊಂಟಕ್ಕೆ ಕೈಯಿಟ್ಟು ನೋಡಿ, "ತಾತ, ಈ ಅಕ್ಕ ಯಾರು? ಈಗ ಎಲ್ಲಿದ್ದಾರೆ?" ಅಂತ ಕೇಳಿದಳು.

"ಯಾರೂ ಇಲ್ಲಮ್ಮ, ಸುಮ್ನೆ ಬರ್ದಿದ್ದು" ಅಂದುಬಿಟ್ಟೆ.